ಕೇಪು ಎಲ್ಲಿದೆ? ಬೀಗದ ಕೈ ಯಾರ ಹತ್ತಿರ ಇದೆ?

ನಾನು ಕೊಡಗಿನ ಒಂದು ಉಪಕೇಂದ್ರದಲ್ಲಿ ನರ್ಸ್. ಸರ್ಕಾರಿ ಕಾಗದದಲ್ಲಿ ನನ್ನ ಹುದ್ದೆಗೆ ‘ಪ್ರಾಥಮಿಕ ಆರೋಗ್ಯ ಸುರಕ್ಷಾಧಿಕಾರಿ’ ಅಂತ ಉದ್ದನೆ ಹೆಸರಿದೆ. ಮನೆಗಳಲ್ಲಿ ಯಾರೂ ಹಾಗೆ ಕರೆಯುವುದಿಲ್ಲ. ಎಲ್ಲರಿಗೂ ನಾನು ಸಿಸ್ಟರ್. ಲಸಿಕೆ ಡಬ್ಬ ಹೆಗಲಿಗೆ ಹಾಕಿಕೊಂಡು ಕಾಫಿ ತೋಟದ ದಾರಿ ಹತ್ತಿ ಇಳಿಯುವುದು, ಬಾಣಂತಿ ನೋಡುವುದು, ಮಗು ತೂಗುವುದು, ತಾಯಿ ಕಾರ್ಡ್ ತುಂಬುವುದು. ಇದು ನನ್ನ ಕೆಲಸ. ಕೋವಿಗೂ ನನ್ನ ಕೆಲಸಕ್ಕೂ ಸಂಬಂಧ ಇದೆ ಅಂತ ಯಾವ ತರಬೇತಿಯಲ್ಲೂ ಯಾರೂ ಹೇಳಿರಲಿಲ್ಲ.

ನಾನು ಮಂಡ್ಯ ಕಡೆಯವಳು. ನಮ್ಮೂರಲ್ಲಿ ಕೋವಿ ನೋಡಬೇಕು ಅಂದರೆ ಬ್ಯಾಂಕಿನ ಬಾಗಿಲಿಗೆ ಹೋಗಬೇಕು. ಇಲ್ಲಿಗೆ ಬಂದ ಮೊದಲ ತಿಂಗಳಲ್ಲೇ ಒಂದು ಮನೆಯಲ್ಲಿ ತೊಟ್ಟಿಲ ಮೇಲಿನ ಗೋಡೆಗೆ ಎರಡು ಗೂಟ, ಗೂಟದ ಮೇಲೆ ಕೋವಿ ಕಂಡೆ. ಹೆದರಿಕೆಯಲ್ಲಿ ನಾಲಿಗೆ ಹರಿಯಿತು. “ಹಸುಗೂಸು ಇರೋ ಮನೆಯಲ್ಲಿ ಇದನ್ನೆಲ್ಲ ಯಾಕೆ ಇಟ್ಕೊಂಡಿದ್ದೀರಿ?” ಅಂದುಬಿಟ್ಟೆ. ಆ ಮನೆಯ ಅಜ್ಜ ಒಂದು ನಿಮಿಷ ಮಾತಾಡಲಿಲ್ಲ. ಆಮೇಲೆ, “ಅದು ನನಗಿಂತ ಮುಂಚೆ ಈ ಮನೆಗೆ ಬಂದದ್ದು ಸಿಸ್ಟರ್” ಅಂದರು. ಕಾಫಿ ಕೊಟ್ಟರು. ಆದರೆ ಅವತ್ತು ನಾನು ಕೇಳಿದ ಬೇರೆ ಯಾವ ಪ್ರಶ್ನೆಗೂ ಸರಿಯಾದ ಉತ್ತರ ಸಿಗಲಿಲ್ಲ. ಮಗು ಸರಿಯಾಗಿ ಹಾಲು ಕುಡಿಯುತ್ತಾ ಅಂದರೂ “ಹೂಂ”, ಜ್ವರ ಬಂದಿತ್ತಾ ಅಂದರೂ “ಹೂಂ”.

ನಾನು ಏನು ತಪ್ಪು ಮಾಡಿದೆ ಅಂತ ತಿಳಿಯಲು ಒಂದು ವರ್ಷ ಬೇಕಾಯಿತು. ಕೊಡವರ ಮನೆಯಲ್ಲಿ ಕೋವಿ ಬರೀ ಆಯುಧ ಅಲ್ಲ. ಗಂಡು ಮಗು ಹುಟ್ಟಿದರೆ ಒಂದು ಗುಂಡು, ಸಾವಾದರೆ ಎರಡು ಗುಂಡು ಆಕಾಶಕ್ಕೆ ಹಾರಿಸುವುದು ಹಳೇ ಪದ್ಧತಿ. ಸೆಪ್ಟೆಂಬರಿನ ಕೈಲ್ ಪೋಳ್ದ್ ಹಬ್ಬದಲ್ಲಿ ಕೋವಿ ಒರೆಸಿ, ತೋಕ್ ಪೂ, ಅಂದರೆ ಕೋವಿ ಹೂವು, ಮುಡಿಸಿ ಪೂಜೆ ಮಾಡುತ್ತಾರೆ. ಆಮೇಲೆ ತೆಂಗಿನಕಾಯಿಗೆ ಗುರಿ ಇಡುವ ಪೈಪೋಟಿ. ಕೊಡವರಿಗೂ, ಜಮ್ಮಾ ಅನ್ನುವ ವಂಶಪಾರಂಪರ್ಯದ ಜಮೀನು ಹಿಡುವಳಿದಾರರಿಗೂ ಆಯುಧ ಕಾಯ್ದೆಯ ಲೈಸೆನ್ಸಿನಿಂದ ವಿನಾಯಿತಿ ಇದೆ. ಬ್ರಿಟಿಷರ ಕಾಲದಲ್ಲಿ, 1861ರಲ್ಲಿ ಶುರುವಾದದ್ದು. 2019ರಲ್ಲಿ ಕೇಂದ್ರ ಸರ್ಕಾರ ಅದನ್ನು 2029ರ ಅಕ್ಟೋಬರ್ ಕೊನೆಯವರೆಗೆ ಮುಂದುವರಿಸಿತು. 2021ರಲ್ಲಿ ಹೈಕೋರ್ಟು ಕೂಡ ಅದನ್ನು ಎತ್ತಿಹಿಡಿಯಿತು. ಉಳಿದವರು ಬೆಳೆ ರಕ್ಷಣೆಗೆ ಅಂತ ಲೈಸೆನ್ಸ್ ಮಾಡಿಸಿ ಇಟ್ಟುಕೊಂಡಿರುತ್ತಾರೆ. ಭತ್ತಕ್ಕೆ ಹಂದಿ ನುಗ್ಗುವುದನ್ನು ಒಂದು ರಾತ್ರಿ ನೋಡಿದರೆ, ಯಾಕೆ ಅಂತ ಕೇಳುವ ಮನಸ್ಸಾಗುವುದಿಲ್ಲ.

ಹಾಗಾಗಿ ‘ಯಾಕೆ ಇಟ್ಕೊಂಡಿದ್ದೀರಿ’ ಅನ್ನೋದನ್ನು ಬಿಟ್ಟೆ. ಬದಲಿಗೆ ಎರಡು ಪ್ರಶ್ನೆ ಮಾಡಿಕೊಂಡೆ. ಕೋವಿ ಮಗುವಿನ ಕೈಗೆ ಎಟುಕದಷ್ಟು ಎತ್ತರದಲ್ಲಿದೆಯಾ? ಮುಟ್ಟಬಾರದು ಅಂತ ಮಗುವಿಗೆ ಹೇಳಿದ್ದೀರಾ? ಇದಕ್ಕೆ ನಮ್ಮ ಫಾರಂನಲ್ಲಿ ಕಾಲಂ ಇಲ್ಲ. ನನ್ನದೇ ಡೈರಿಯಲ್ಲಿ ಟಿಕ್ ಹಾಕುತ್ತಿದ್ದೆ. ಎಲ್ಲರೂ ಎರಡಕ್ಕೂ ಹೌದು ಅನ್ನುತ್ತಿದ್ದರು. ಎರಡು ವರ್ಷ ಟಿಕ್ ಹಾಕಿದೆ. ಏನೋ ದೊಡ್ಡ ಕೆಲಸ ಮಾಡುತ್ತಿದ್ದೇನೆ ಅನ್ನುವ ಹೆಮ್ಮೆ ಬೇರೆ.

ಆಮೇಲೆ ಆ ನವೆಂಬರ್ ಬಂತು.

ದೀಪಾವಳಿ ಆಗಿ ಸ್ವಲ್ಪ ದಿನ ಕಳೆದಿತ್ತು. ಕೊಡಗಿನ ಸುಗ್ಗಿ ಹಬ್ಬ ಪುತ್ತರಿ ಇನ್ನೂ ಮುಂದಿತ್ತು. ಅದೇ ಮೊದಲ ಅಜ್ಜನ ಮನೆ. ಅವತ್ತು ತೊಟ್ಟಿಲಲ್ಲಿದ್ದ ಕೂಸಿನ ಅಣ್ಣನಿಗೆ ಈಗ ಏಳು ವರ್ಷ. ಈಗ ತೊಟ್ಟಿಲಲ್ಲಿ ಹೊಸ ತಂಗಿ ಇದ್ದಳು. ಅವಳಿಗೆ 14 ವಾರದ ಲಸಿಕೆ ಹಾಕುವ ದಿನ. ಅಂಗನವಾಡಿಯಲ್ಲಿ ಕೂತಿದ್ದೆ. ತಾಯಿ ಮಗು ಬರುವ ಬದಲಿಗೆ ಜೀಪಿನವನು ಓಡಿ ಬಂದ. “ಸಿಸ್ಟರ್, ಹುಡುಗನ ಕಣ್ಣಿಗೆ ಏನೋ ಹೊಡೆದಿದೆ.”

ನಡೆದದ್ದು ಇಷ್ಟು. ದೀಪಾವಳಿಗೆ ಅವನಿಗೆ ಆಟದ ಪಿಸ್ತೂಲು ಕೊಡಿಸಿದ್ದರು. ಕೆಂಪು ಕಾಗದದ ಸುರುಳಿ ಹಾಕಿ ಕುದುರೆ ಎಳೆದರೆ ಟಪ್ ಅನ್ನುತ್ತದಲ್ಲ, ಅದು. ಆ ಸುರುಳಿಗೆ ಮಕ್ಕಳು ಕೇಪು ಅನ್ನುತ್ತಾರೆ. ಕೇಪು ಖಾಲಿಯಾಯಿತು. ಹುಡುಗ ಚಿಕ್ಕಪ್ಪನನ್ನು ಪೀಡಿಸಿದ. ಚಿಕ್ಕಪ್ಪ ಫೋನ್ ನೋಡುತ್ತಾ ತಮಾಷೆಗೆ, “ಅಜ್ಜನ ಡಬ್ಬಿಯಲ್ಲಿ ಬೇಕಾದಷ್ಟು ಕೇಪು ಇದೆ, ಹೋಗು” ಅಂದ.

ಅಜ್ಜನದು ಕೇಪಿನ ಕೋವಿ. ಗೊತ್ತಿಲ್ಲದವರಿಗೆ ಹೇಳುತ್ತೇನೆ, ನನಗೂ ಆಗ ಪೂರ್ತಿ ಗೊತ್ತಿರಲಿಲ್ಲ. ಇದಕ್ಕೆ ತೋಟಾ, ಅಂದರೆ ಮದ್ದು ಗುಂಡು ಒಟ್ಟಿಗೆ ತುಂಬಿದ ಕೊಳವೆ, ಹಾಕುವುದಿಲ್ಲ. ನಳಿಗೆಯ ಬಾಯಿಂದ ಮದ್ದು ಸುರಿದು, ಸೀಸದ ಗುಂಡು ಹಾಕಿ, ಉದ್ದನೆ ಕಡ್ಡಿಯಿಂದ ಜಡಿಯಬೇಕು. ಹಿಂದೆ ಒಂದು ಸಣ್ಣ ತೂತಿನ ಮೊಳೆ. ಅದರ ಮೇಲೆ ತಾಮ್ರದ ಪುಟ್ಟ ಟೋಪಿ ಕೂರಿಸುತ್ತಾರೆ. ಅದೇ ಕೇಪು. ಅದರೊಳಗೆ ಪೆಟ್ಟು ಬಿದ್ದರೆ ಸಿಡಿಯುವ ಮದ್ದು ಇರುತ್ತದೆ. ಅದರ ಕಿಡಿ ಒಳಗೆ ಹೋಗಿ ದೊಡ್ಡ ಮದ್ದಿಗೆ ತಗಲುತ್ತದೆ.

ಆಟಿಕೆಯದ್ದೂ ಕೇಪು, ಕೋವಿಯದ್ದೂ ಕೇಪು. ಏಳು ವರ್ಷದವನಿಗೆ ಒಂದೇ ಹೆಸರು ಅಂದರೆ ಒಂದೇ ಸಾಮಾನು. ಪಿಸ್ತೂಲಿಗೆ ಅದು ಕೂರಲಿಲ್ಲ. ಬಟ್ಟೆ ಒಗೆಯುವ ಕಲ್ಲಿನ ಮೇಲೆ ಇಟ್ಟು ಇನ್ನೊಂದು ಕಲ್ಲಿನಿಂದ ಜಜ್ಜಿದ. ತಾಮ್ರದ ಚೂರು ಹಾರಿ ಎಡಗಣ್ಣಿಗೆ ಬಂತು.

ನಾನು ಹೋದಾಗ ಹುಡುಗ ಕಣ್ಣು ಮುಚ್ಚಿಕೊಂಡು ಕೂತಿದ್ದ. ಅಳು ನಿಂತಿತ್ತು. ಅಜ್ಜಿ ಚೊಂಬಿನಲ್ಲಿ ನೀರು ಹಿಡಿದಿದ್ದರು. ಇನ್ನೊಬ್ಬರು ತಾಯಿ ಹಾಲು ಎರಡು ಹನಿ ಬಿಡೋಣ ಅನ್ನುತ್ತಿದ್ದರು. ಮನೆಯಲ್ಲಿ ಬಾಣಂತಿ ಇದ್ದಾಳಲ್ಲ, ಹಾಲಿಗೇನು ಕಮ್ಮಿ. ಎರಡನ್ನೂ ತಡೆದೆ. ಕಣ್ಣಿಗೆ ಸುಣ್ಣವೋ ಆಸಿಡ್ಡೋ ಬಿದ್ದರೆ ನೀರು ಬೇಕೇ ಬೇಕು, ಧಾರಾಳವಾಗಿ. ಆದರೆ ಚೂಪಾದದ್ದು ಚುಚ್ಚಿ ಒಳಗೆ ಹೋಗಿರಬಹುದು ಅಂತ ಅನುಮಾನ ಇದ್ದರೆ ತೊಳೆಯಬಾರದು, ಉಜ್ಜಬಾರದು, ಒತ್ತಬಾರದು, ಚೂರು ಕಂಡರೂ ಕೀಳಬಾರದು. ಬ್ಯಾಂಡೇಜ್ ಬಿಗಿಯಾಗಿ ಕಟ್ಟಿದರೆ ಕಣ್ಣಿನೊಳಗಿನದು ಹೊರಗೆ ಬರಬಹುದು. ಕಾಗದದ ಲೋಟವೊಂದರ ತಳ ಕತ್ತರಿಸಿ ಕಣ್ಣಿನ ಸುತ್ತಲ ಮೂಳೆಯ ಮೇಲೆ ಕೂರುವ ಹಾಗೆ ಇಟ್ಟು ಪ್ಲಾಸ್ಟರ್ ಅಂಟಿಸಿದೆ. ತಿನ್ನಲು, ಕುಡಿಯಲು ಏನೂ ಕೊಡಬೇಡಿ ಅಂದೆ. ಆಪರೇಷನ್ ಆದರೆ ಹೊಟ್ಟೆ ಖಾಲಿ ಇರಬೇಕು. ತಲೆ ಎತ್ತರಿಸಿ ಕೂರಿಸಿಕೊಂಡು ತಾಲ್ಲೂಕು ಆಸ್ಪತ್ರೆ, ಅಲ್ಲಿ ಧನುರ್ವಾಯು ಇಂಜೆಕ್ಷನ್, ಅಲ್ಲಿಂದ ಮೈಸೂರು.

ಮೈಸೂರಿನ ಡಾಕ್ಟರು ಒಂದು ಮಾತು ಹೇಳಿದರು. ಗಾಜಿನ ಚೂರಾದರೆ ಕಣ್ಣೊಳಗೆ ಸುಮ್ಮನೆ ಕೂತಿದ್ದರೂ ಕೂರಬಹುದು, ತಾಮ್ರ ಹಾಗಲ್ಲ, ಒಳಗೇ ಕೀವು ಕಟ್ಟಿಸುತ್ತದೆ. ಅದೇ ರಾತ್ರಿ ತೆಗೆದರು, ಹೊಲಿಗೆ ಹಾಕಿದರು. ಕಣ್ಣು ಉಳಿಯಿತು. ದೃಷ್ಟಿ ಮೊದಲಿನಷ್ಟಿಲ್ಲ.

ನನ್ನ ಡೈರಿ ತೆಗೆದು ನೋಡಿದೆ. ಆ ಮನೆಯ ಮುಂದೆ ಎರಡು ಟಿಕ್. ಕೋವಿ ಎತ್ತರದಲ್ಲಿದೆ, ನಿಜ. ಮುಟ್ಟಬೇಡ ಅಂತ ಹೇಳಿದ್ದಾರೆ, ಅದೂ ನಿಜ. ಹುಡುಗ ಕೋವಿ ಮುಟ್ಟಲೇ ಇಲ್ಲ! ಪಾಪ, ಹೇಳಿದ ಮಾತು ಕೇಳಿದ್ದ.

ಎರಡು ದಿನ ಬಿಟ್ಟು ಅಜ್ಜನನ್ನು ನೋಡಲು ಹೋದೆ. ಸಮಾಧಾನ ಹೇಳಲು ಹೋದವಳು ಇನ್ನೊಂದು ಹೆದರಿಕೆ ಹೊತ್ತು ಬಂದೆ. “ಪುಣ್ಯಕ್ಕೆ ಕೋವಿ ಖಾಲಿ ಸಿಸ್ಟರ್, ಕೇಪು ಹಾಕಿರಲಿಲ್ಲ” ಅಂದರು. ಏನೋ ಹೊಳೆಯಿತು. “ಅಜ್ಜ, ಒಳಗೆ ಮದ್ದು?” ಅಂದೆ. ಅವರು ಗೋಡೆ ಕಡೆ ನೋಡಿದರು.

ಒಳಗೆ ಮದ್ದೂ ಇತ್ತು, ಗುಂಡೂ ಇತ್ತು. ವಾರದಿಂದ ಗದ್ದೆಗೆ ಹಂದಿ ಬರುತ್ತಿತ್ತು. ತುಂಬಿದ್ದರು, ಹಂದಿ ಬರಲಿಲ್ಲ, ಹಾಗೇ ತಂದು ಗೂಟಕ್ಕಿಟ್ಟಿದ್ದರು. ತೋಟಾ ಕೋವಿಯಾದರೆ ಮಡಚಿ ತೋಟಾ ಹೊರಗೆ ತೆಗೆದರೆ ಮುಗಿಯಿತು. ಇದನ್ನು ಖಾಲಿ ಮಾಡುವುದು ರಗಳೆ. ಅದಕ್ಕೇ ಎಷ್ಟೋ ಮನೆಯಲ್ಲಿ ಕೇಪು ತೆಗೆದಿಟ್ಟರೆ ‘ಖಾಲಿ’ ಅನ್ನುವ ಮಾತು ರೂಢಿಯಾಗಿದೆ. ಆ ಹುಡುಗ ಕೇಪನ್ನು ಕಲ್ಲಿನ ಮೇಲಿಡುವ ಬದಲು ಕುರ್ಚಿ ಹತ್ತಿದ್ದರೆ? ಕೆಳಗೆ ತೊಟ್ಟಿಲು.

ಆ ಸಂಜೆ ಅಜ್ಜ ಕೋವಿ ಹಿಡಿದು ಒಬ್ಬರೇ ಮಣ್ಣಿನ ದಿಬ್ಬದ ಕಡೆ ಹೋಗಿ ಮಣ್ಣಿಗೆ ಹೊಡೆದು ಖಾಲಿ ಮಾಡಿದರು. ಒಂದೇ ಗುಂಡು. ಪಕ್ಕದ ತೋಟದವರು ಫೋನ್ ಮಾಡಿ, “ಯಾರಿಗೆ ಗಂಡು ಮಗು ಆಯ್ತು?” ಅಂತ ಕೇಳಿದರಂತೆ.

ಆಮೇಲೆ ನಾನು ಸ್ವಲ್ಪ ಓದಿದೆ. 2001ರಲ್ಲಿ ಅಮೆರಿಕದಲ್ಲಿ ಮಕ್ಕಳ ಡಾಕ್ಟರುಗಳು ಒಂದು ಪ್ರಯೋಗ ಮಾಡಿದ್ದರು. 8ರಿಂದ 12 ವರ್ಷದ ಹುಡುಗರನ್ನು ಎರಡು ಮೂರು ಜನರ ಗುಂಪು ಮಾಡಿ ಒಂದು ಕೋಣೆಯಲ್ಲಿ ಬಿಟ್ಟರು. ಅಲ್ಲಿನ ಡ್ರಾಯರುಗಳಲ್ಲಿ ನೀರಿನ ಪಿಸ್ತೂಲು ಇಟ್ಟಿದ್ದರು, ಗುಂಡು ಹಾರದ ಹಾಗೆ ಮಾಡಿದ ಒಂದು ನಿಜ ಪಿಸ್ತೂಲನ್ನೂ ಇಟ್ಟಿದ್ದರು. ನಿಜದ್ದು ಸಿಕ್ಕ ಹುಡುಗರಲ್ಲಿ ಸುಮಾರು ಅರ್ಧ ಜನಕ್ಕೆ ಅದು ಆಟದ್ದೋ ನಿಜದ್ದೋ ಗೊತ್ತಾಗಲಿಲ್ಲ. ಅದನ್ನು ಕೈಗೆತ್ತಿಕೊಂಡವರಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಜಾಸ್ತಿ ಹುಡುಗರಿಗೆ ಮೊದಲೇ ಯಾರೋ ಬುದ್ಧಿ ಹೇಳಿದ್ದರು. ನನ್ನ ಎರಡನೇ ಟಿಕ್ಕಿನ ಬೆಲೆ ಅಲ್ಲಿ ಗೊತ್ತಾಯಿತು.

ಈಗ ಪ್ರಶ್ನೆ ಬದಲಾಗಿದೆ. ಕೋವಿ ಇದೆಯಾ ಅಂತಲೂ ಕೇಳುವುದಿಲ್ಲ. ಇದೆ ಅಂದುಕೊಂಡೇ ಕೇಳುತ್ತೇನೆ. ಒಳಗೆ ಏನಾದರೂ ತುಂಬಿದೆಯಾ? ಕೇಪು, ತೋಟಾ, ಮದ್ದು ಎಲ್ಲಿವೆ? ಕೋವಿಯ ಬೀರುವಿನಲ್ಲೇ ಇದ್ದರೆ ಅದು ಬೇರೆ ಇಟ್ಟ ಹಾಗಲ್ಲ. ಬೇರೆ ಪೆಟ್ಟಿಗೆ, ಬೇರೆ ಬೀಗ. ಕೊನೆಗೆ, ಬೀಗದ ಕೈ ಎಲ್ಲಿ? ಈ ಕೊನೆಯ ಪ್ರಶ್ನೆಯಲ್ಲಿ ಒಂದು ಮಜಾ ಇದೆ. ದೊಡ್ಡವರು ಯೋಚನೆ ಮಾಡುವಷ್ಟರಲ್ಲಿ ಮಕ್ಕಳೇ ಉತ್ತರ ಹೇಳಿಬಿಡುತ್ತಾರೆ. “ತಾತನ ದಿಂಬಿನ ಕೆಳಗೆ!” “ದೇವರ ಫೋಟೋ ಹಿಂದೆ!” ಒಬ್ಬಳು ಐದು ವರ್ಷದ ಹುಡುಗಿ ಓಡಿ ಹೋಗಿ ತಂದೇ ಕೊಟ್ಟಳು. ಅವರಪ್ಪನ ಮುಖ ನೋಡಬೇಕಿತ್ತು. ನಾನು ಏನೂ ಹೇಳುವ ಅಗತ್ಯವೇ ಬರಲಿಲ್ಲ.

ಹದಿಹರೆಯದ ಮಕ್ಕಳಿರುವ ಮನೆಯಲ್ಲಿ ಇದನ್ನು ಇನ್ನೂ ಒತ್ತಿ ಹೇಳುತ್ತೇನೆ. ರಿಸಲ್ಟ್ ಬರುವ ವಾರ, ಮನೆಯಲ್ಲಿ ಜಗಳವಾದ ದಿನ, ಯಾರಾದರೂ ಮಂಕಾಗಿ ಕೂತಿರುವ ಹೊತ್ತು. ಆಗ ಕೋವಿ ಮನೆಯಲ್ಲೇ ಇರಬಾರದು, ಬೇರೆ ಕಡೆ ಜೋಪಾನ ಮಾಡಿಸಿ ಅನ್ನುತ್ತೇನೆ. ಜೊತೆಗೆ ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್ ನಂಬರ್ 14416 ತಾಯಿ ಕಾರ್ಡಿನ ಹಿಂದೆ ಬರೆದು ಬರುತ್ತೇನೆ. ಈ ಮಾತು ಆಡುವಾಗ ದನಿ ತಗ್ಗಿಸುತ್ತೇನೆ, ಆದರೆ ಬಿಡುವುದಿಲ್ಲ.

ಆಟಿಕೆ ವಿಷಯಕ್ಕೆ ಬಂದರೆ, ಪಿಸ್ತೂಲು ಕೊಡಿಸಲೇಬೇಡಿ ಅಂತ ನಾನು ಹೇಳುವುದಿಲ್ಲ. ಹೇಳಿದರೂ ಜಾತ್ರೆಯಲ್ಲಿ ಯಾರು ಕೇಳುತ್ತಾರೆ? ಕೋಲು ಸಿಕ್ಕರೂ ಮಕ್ಕಳು ಢಿಶುಂ ಅನ್ನುತ್ತವೆ. ನೋಡಿದ ಕೂಡಲೇ ಆಟಿಕೆ ಅಂತ ಗೊತ್ತಾಗುವ ಹಳದಿ, ಹಸಿರು ಬಣ್ಣದ್ದು ಕೊಡಿಸಿ. ಐಎಸ್ಐ ಗುರುತು ನೋಡಿ, 2021ರಿಂದ ಆಟಿಕೆಗೆ ಅದು ಕಡ್ಡಾಯ. ಒಳಗಿನಿಂದ ಏನಾದರೂ ಹಾರುವಂಥದ್ದು ಬೇಡ. ಆ ಬಿಳಿ ಪ್ಲಾಸ್ಟಿಕ್ ಗುಂಡು ಕಣ್ಣಿಗೆ ಬಿದ್ದರೆ ಹೊರಗೆ ಗಾಯ ಕಾಣದೆ, ಒಳಗೆ ಕರಿಗುಡ್ಡೆಯ ಮುಂದೆ ರಕ್ತ ನಿಲ್ಲಬಹುದು. ಮೊದಲ ಐದು ದಿನದಲ್ಲಿ ಮತ್ತೆ ರಕ್ತ ಬರುವ ಅಪಾಯ ಇದೆ. ಎಷ್ಟೋ ವರ್ಷದ ನಂತರ ಕಣ್ಣಿನ ಒತ್ತಡ ಏರಬಹುದು. ‘ಕೆಂಪಾಗಿದೆ, ನಾಳೆ ಸರಿ ಹೋಗುತ್ತೆ’ ಅನ್ನಬೇಡಿ.

ಏರ್‌ಗನ್ ಅಂತೂ ಆಟಿಕೆಯೇ ಅಲ್ಲ. ಸಣ್ಣ ಏರ್‌ಗನ್ನಿಗೆ ಲೈಸೆನ್ಸ್ ಬೇಕಿಲ್ಲ ಅನ್ನುವ ಒಂದೇ ಕಾರಣಕ್ಕೆ ಅದನ್ನು ಮಕ್ಕಳ ಕೈಗೆ ಕೊಡುತ್ತಾರೆ. ಇನ್ನು ಮಂಗ ಓಡಿಸಲು ಅಂತ ಪೈಪಿನಲ್ಲಿ ಕಾರ್ಬೈಡ್ ಹಾಕಿ, ನೀರು ಬಿಟ್ಟು, ಲೈಟರ್ ಒತ್ತುವ ಗನ್. ಕಾರ್ಬೈಡಿಗೆ ನೀರು ತಗಲಿದರೆ ಬೆಂಕಿ ಹತ್ತುವ ಗ್ಯಾಸ್ ಬರುತ್ತದೆ. ಹಾರಲಿಲ್ಲ ಅಂತ ಮಗು ಪೈಪಿನೊಳಗೆ ಬಗ್ಗಿ ನೋಡುತ್ತದೆ, ಆಗಲೇ ಅದು ಹಾರುತ್ತದೆ. 2025ರ ದೀಪಾವಳಿಯಲ್ಲಿ ಮಧ್ಯಪ್ರದೇಶದಲ್ಲಿ ಇದರಿಂದ 100ಕ್ಕೂ ಹೆಚ್ಚು ಜನರ ಕಣ್ಣಿಗೆ ಪೆಟ್ಟಾಯಿತು, ಜಾಸ್ತಿ ಮಕ್ಕಳೇ. ಮಂಗಕ್ಕೆ ಅಂತ ತಂದದ್ದನ್ನೂ ಕೋವಿಯ ಜೊತೆಗೇ ಬೀಗ ಹಾಕಿ ಅನ್ನುತ್ತೇನೆ.

ಆ ಹುಡುಗನ ತಂಗಿಗೆ ಒಂಬತ್ತು ತಿಂಗಳ ಲಸಿಕೆ ಹಾಕಲು ಹೋದಾಗ ಗೋಡೆಯ ಗೂಟ ಎರಡೂ ಖಾಲಿ ಇದ್ದವು. ಕೋವಿ ಒಳಕೋಣೆಯ ಕಬ್ಬಿಣದ ಬೀರು ಸೇರಿತ್ತು. ಕೇಪಿನ ಡಬ್ಬಿ ಬೇರೆ ಪೆಟ್ಟಿಗೆಯಲ್ಲಿ. ಅಜ್ಜ ನನ್ನ ಜೊತೆ ಜಾಸ್ತಿ ಮಾತಾಡಲಿಲ್ಲ, ಕರೆದುಕೊಂಡು ಹೋಗಿ ತೋರಿಸಿದರು ಅಷ್ಟೇ. ಹುಡುಗ ದಪ್ಪ ಕನ್ನಡಕ ಹಾಕಿಕೊಂಡು ಹೊಸ್ತಿಲ ಮೇಲೆ ಕೂತಿದ್ದ. ಬಿಸ್ಕತ್ತು ಕೊಟ್ಟು ಮೆಲ್ಲಗೆ ಕೇಳಿದೆ, “ಮರೀ, ಬೀರುವಿನ ಬೀಗದ ಕೈ ಎಲ್ಲಿದೆ?”

ಬಿಸ್ಕತ್ತು ಕಚ್ಚಿದ. ಅಜ್ಜನ ಕಡೆ ನೋಡಿದ. ಆಮೇಲೆ ನನ್ನ ಕಡೆ.

“ಹುಡುಕಿದೆ ಆಂಟಿ. ಸಿಗಲಿಲ್ಲ.”