ಶುಕ್ರವಾರಕ್ಕೊಂದು ಊರಿನ ಹೆಸರು

ಪಾಸ್ಖ, ಅಂದರೆ ಈಸ್ಟರ್ ಹಬ್ಬಕ್ಕೆ ಮುಂಚಿನ ನಲವತ್ತು ದಿನದ ತಪಸ್ಸುಕಾಲ ಕೆನಡಾದಲ್ಲಿ ಶುರುವಾಗುವಾಗ ವಸಂತದ ಸುಳಿವೇ ಇರುವುದಿಲ್ಲ. ನಮ್ಮ ಕರಾವಳಿಯಲ್ಲಿ ಈ ಹೊತ್ತಿಗೆ ಉರಿಬಿಸಿಲು, ಗೇರುಹಣ್ಣಿನ ವಾಸನೆ, ಯೇಸುವಿನ ಕೊನೆಯ ದಾರಿಯನ್ನು ನೆನೆಯುವ ಶಿಲುಬೆ ಹಾದಿಯ ಪ್ರಾರ್ಥನೆಗೆ ನಿಂತರೆ ಬೆನ್ನೆಲ್ಲ ಬೆವರು. ಇಲ್ಲಿ ಮಿಸ್ಸಿಸಾಗದಲ್ಲಿ ತಪಸ್ಸುಕಾಲದ ಮೊದಲ ದಿನ ವಿಭೂತಿ ಬುಧವಾರದಂದು ಮೊದಲು ಚರ್ಚಿನ ಮೆಟ್ಟಿಲಿಗೆ ಉಪ್ಪು ಚೆಲ್ಲಬೇಕು, ಆಮೇಲೆ ಜನ ಜಾರದೆ ಒಳಗೆ ಬಂದು ಹಣೆಗೆ ಬೂದಿ ಹಚ್ಚಿಸಿಕೊಳ್ಳಬೇಕು. ಮಾರ್ಚ್ ಎರಡನೇ ಭಾನುವಾರ ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ ತಿರುಗಿಸುತ್ತಾರೆ. ಅವತ್ತು ಬೆಳಗಿನ ಪೂಜೆಗೆ ಗಾನವೃಂದದವರೇ ತಡ! ಊರಿಂದ ಅಮ್ಮ ಫೋನ್ ಮಾಡಿದರೆ ಮೊದಲ ಪ್ರಶ್ನೆ, "ಅಲ್ಲಿ ಇನ್ನೂ ಹಿಮ ಉಂಟಾ?" ಉಂಟು ಅಮ್ಮಾ, ಪಾರ್ಕಿಂಗ್ ಮೂಲೆಯಲ್ಲಿ ಕಪ್ಪಗಾಗಿ ಕೂತಿದೆ, ಏಪ್ರಿಲ್ ತನಕ ಏಳುವ ಲಕ್ಷಣ ಇಲ್ಲ.

ಪ್ರತಿ ಭಾನುವಾರ ವಿಶ್ವಾಸಿಗಳ ಪ್ರಾರ್ಥನೆಯಲ್ಲಿ ಒಂದು ಸಾಲು ಬರುತ್ತದೆ, ಲೋಕದ ಬೇರೆ ಬೇರೆ ಕಡೆ ಹಿಂಸೆಗೆ ಒಳಗಾದ ಕ್ರೈಸ್ತರಿಗಾಗಿ ಪ್ರಾರ್ಥಿಸೋಣ ಅಂತ. ನಾವೂ "ಪ್ರಭುವೇ, ನಮ್ಮ ಪ್ರಾರ್ಥನೆಯನ್ನು ಆಲಿಸಿರಿ" ಅನ್ನುತ್ತೇವೆ. ಅಷ್ಟರಲ್ಲಿ ರೋಗಿಗಳಿಗಾಗಿ ಬೇಡುವ ಮುಂದಿನ ಸಾಲು ಬಂದಿರುತ್ತದೆ. ಎಲ್ಲರನ್ನೂ ಒಂದೇ ಮೂಟೆಗೆ ಕಟ್ಟಿ ದೇವರ ಮುಂದೆ ಇಟ್ಟ ಹಾಗೆ. ಅದಕ್ಕೇ ಈ ಸಲ ಮಾಂಸ, ಸಿಹಿ ಬಿಡುವುದರ ಜೊತೆಗೆ ಇನ್ನೊಂದು ಸಣ್ಣ ವ್ರತ ಹಿಡಿದಿದ್ದೇನೆ. ಶುಕ್ರವಾರಕ್ಕೊಂದು ಊರು. ಶಿಲುಬೆ ಹಾದಿಯ ಹದಿನಾಲ್ಕು ಸ್ಥಳಗಳಲ್ಲೂ ಆ ಒಂದೇ ಊರಿನ ಹೆಸರು ಹೇಳಿ ಬೇಡುವುದು.

ಮೊದಲ ವಾರ ಈಜಿಪ್ಟಿನ ಮಿನ್ಯಾ ಪ್ರಾಂತ್ಯದ ಅಲ್-ಔರ್ ಹಳ್ಳಿ. 2015ರ ಫೆಬ್ರವರಿಯಲ್ಲಿ ಉಗ್ರ ಸಂಘಟನೆ ಐಸಿಸ್‌ನವರು ಲಿಬಿಯಾದ ಕಡಲ ತೀರದಲ್ಲಿ 21 ಜನರನ್ನು ಕೊಂದ ವಿಡಿಯೊ ಹೊರಬಿತ್ತಲ್ಲ, ಅವರಲ್ಲಿ ಹೆಚ್ಚಿನವರು ಈ ಹಳ್ಳಿಯವರು. 20 ಜನ ಕಾಪ್ಟಿಕ್ ಕ್ರೈಸ್ತರು, ಅಂದರೆ ಈಜಿಪ್ಟಿನ ಪುರಾತನ ಚರ್ಚಿನವರು, ಒಬ್ಬ ಘಾನಾದ ಮ್ಯಾಥ್ಯೂ ಅಯರಿಗಾ. ಇವರ್ಯಾರೂ ಬೋಧನೆಗೆ ಹೋದವರಲ್ಲ. ಕೂಲಿ ಕೆಲಸಕ್ಕೆ ಹೋಗಿ, ನಮ್ಮ ಕಡೆಯವರು ಕುವೈತ್‌ನಿಂದ ಕಳಿಸುವ ಹಾಗೆಯೇ ಮನೆಗೆ ದುಡ್ಡು ಕಳಿಸುತ್ತಿದ್ದವರು. ಈಗ ಆ ಹಳ್ಳಿಯಲ್ಲಿ ಅವರ ಹೆಸರಿನ ಚರ್ಚಿದೆ. 2023ರಲ್ಲಿ ಈ 21 ಜನರನ್ನೂ ಪೋಪ್ ಫ್ರಾನ್ಸಿಸ್ ಕಥೋಲಿಕರ ಹುತಾತ್ಮರ ಪಟ್ಟಿಗೆ ಸೇರಿಸಿದರು. ಫೆಬ್ರವರಿ 15 ಅವರ ದಿನ. ಚಳಿ ಇನ್ನೂ ಕಚ್ಚುತ್ತಿರುವಾಗಲೇ ಬರುತ್ತದೆ.

ಎರಡನೇ ವಾರವೂ ಈಜಿಪ್ಟೇ, ತಾಂತಾ ಊರು. 2017ರ ಏಪ್ರಿಲ್ 9, ಗರಿಗಳ ಭಾನುವಾರ, ಪಾಸ್ಖಕ್ಕೆ ಒಂದು ವಾರ ಮುಂಚೆ ಜನ ಕೈಯಲ್ಲಿ ಗರಿ ಹಿಡಿದು ಚರ್ಚಿಗೆ ಬರುವ ದಿನ. ಸಂತ ಜಾರ್ಜರ ಚರ್ಚಿನಲ್ಲಿ ಪೂಜೆ ನಡೆಯುವಾಗಲೇ ಬಾಂಬು ಸಿಡಿಯಿತು. ಅದೇ ದಿನ ಅಲೆಕ್ಸಾಂಡ್ರಿಯಾದ ಒಂದು ಚರ್ಚಿನಲ್ಲೂ ಆಯಿತು. ಅಲ್ಲಿ ಬಾಂಬು ಕಟ್ಟಿಕೊಂಡು ಬಂದವನನ್ನು ಗೇಟಿನಲ್ಲೇ ತಡೆದ ಪೊಲೀಸರೂ ಸತ್ತರು. ಎರಡೂ ಕಡೆ ಸೇರಿ 40ಕ್ಕಿಂತ ಜಾಸ್ತಿ ಜನ. ನಮ್ಮಲ್ಲಿ ಹೋದ ವರ್ಷದ ಗರಿಗಳನ್ನೇ ಸುಟ್ಟು ವಿಭೂತಿ ಮಾಡುತ್ತಾರೆ. ಆ ಬೂದಿಯನ್ನು ಈ ಸಲ ಹಚ್ಚಿಸಿಕೊಂಡಾಗ ತಾಂತಾದವರ ಕೈಯಲ್ಲಿದ್ದ ಗರಿಗಳೇ ನೆನಪಾದವು. ಇದನ್ನೂ ಹೇಳಬೇಕು. 2011ರ ಹೊಸವರ್ಷದ ರಾತ್ರಿ ಅಲೆಕ್ಸಾಂಡ್ರಿಯಾದ ಇನ್ನೊಂದು ಚರ್ಚಿಗೆ ಬಾಂಬಿಟ್ಟ ಮೇಲೆ, ಕೆಲವೇ ದಿನಕ್ಕೆ ಬಂದ ಕಾಪ್ಟಿಕ್ ಕ್ರಿಸ್ಮಸ್‌ಗೆ ಎಷ್ಟೋ ಮುಸ್ಲಿಮರು ಚರ್ಚುಗಳಿಗೆ ಹೋಗಿ, ನಾವೂ ನಿಮ್ಮ ಜೊತೆ ಇದ್ದೇವೆ ಅಂತ ಕಾವಲು ನಿಂತರು. ನೊಂದವರ ಸುದ್ದಿ ಹೇಳುತ್ತಾ ದ್ವೇಷ ಹಂಚುವ ವಾಟ್ಸಾಪ್ ಮೆಸೇಜುಗಳು ನಮ್ಮ ಗ್ರೂಪಿಗೂ ಬರುತ್ತವೆ. ಪ್ರಾರ್ಥನೆಗೆ ಅದರ ಅಗತ್ಯ ಇಲ್ಲ.

ಆದರೆ ಮನಸ್ಸು ಜಾಸ್ತಿ ನಿಂತದ್ದು ಇರಾಕಿನ ಕ್ರೈಸ್ತರ ಪಟ್ಟಣ ಕರಾಕೋಶ್‌ನಲ್ಲಿ. 2014ರ ಆಗಸ್ಟ್‌ನಲ್ಲಿ ಐಸಿಸ್ ಬರುತ್ತಿದೆ ಎಂದು ಗೊತ್ತಾಗಿ ಇಡೀ ಪಟ್ಟಣ ಒಂದೇ ರಾತ್ರಿ ಖಾಲಿಯಾಯಿತು. ಹೆಚ್ಚಿನವರು ಎರ್ಬಿಲ್ ಕಡೆ ಹೋದರು. ಚರ್ಚುಗಳ ಅಂಗಳದಲ್ಲಿ ಡೇರೆ, ಆಮೇಲೆ ಕಂಟೇನರ್ ಮನೆ. ಎರಡು ಚಳಿಗಾಲ ಹಾಗೇ ಕಳೆಯಿತು. 2016ರ ಅಕ್ಟೋಬರ್‌ನಲ್ಲಿ ಊರು ಬಿಡುಗಡೆಯಾದಾಗ ಅವರ ದೊಡ್ಡ ಚರ್ಚು, ಅಲ್-ತಾಹಿರಾ, ಒಳಗೆಲ್ಲ ಮಸಿ. ಪುಸ್ತಕಗಳನ್ನು ಅಂಗಳದಲ್ಲಿ ಸುಟ್ಟಿದ್ದರು, ಅಂಗಳವನ್ನೇ ಗುಂಡು ಹೊಡೆಯುವ ಅಭ್ಯಾಸಕ್ಕೆ ಬಳಸಿದ್ದರು. ತಮ್ಮ ಮನೆಗಳಿಗೆ ಬಾಗಿಲಿಲ್ಲದಿದ್ದರೂ ಆ ಸುಟ್ಟ ಚರ್ಚಿನಲ್ಲೇ ಪೂಜೆ ಶುರು ಮಾಡಿದರು. 2021ರ ಮಾರ್ಚ್ 7ರಂದು, ತಪಸ್ಸುಕಾಲದ ಒಂದು ಭಾನುವಾರ, ಪೋಪ್ ಫ್ರಾನ್ಸಿಸ್ ಅಲ್ಲಿಗೆ ಹೋಗುವ ಹೊತ್ತಿಗೆ ಗೋಡೆ ಮತ್ತೆ ಬೆಳ್ಳಗಾಗಿತ್ತು.

ನಮಗೂ ಇದು ಹೊಸ ಕಥೆಯಲ್ಲ ಅಲ್ವಾ? 1784ರಲ್ಲಿ ಕಥೋಲಿಕರಾದ ನಮ್ಮ ಹಿರಿಯರನ್ನು ಟಿಪ್ಪು ಸುಲ್ತಾನನ ಸೈನಿಕರು ಸೆರೆಹಿಡಿದು ಮಂಗಳೂರು ಕಡೆಯಿಂದ ಶ್ರೀರಂಗಪಟ್ಟಣಕ್ಕೆ ನಡೆಸಿಕೊಂಡು ಹೋದರು. ಅದೂ ವಿಭೂತಿ ಬುಧವಾರದ ಹೊತ್ತಿಗೇ ಅಂತ ಮನೆಗಳಲ್ಲಿ ಹೇಳುತ್ತಾರೆ. ಅದರ ರಾಜಕೀಯ ಜಗಳ ಇವತ್ತಿಗೂ ಮುಗಿದಿಲ್ಲ, ನನಗೆ ಅದು ಬೇಡ. 1799ರಲ್ಲಿ ಟಿಪ್ಪು ಸತ್ತ ನಂತರ ಉಳಿದವರು ವಾಪಸ್ ಬಂದು ಕೆಡವಿದ ಇಗರ್ಜಿಗಳನ್ನು ಒಂದೊಂದಾಗಿ ಕಟ್ಟಿಕೊಂಡರಲ್ಲ, ಅದು ಬೇಕು. ಗಂಟೆ ಕಟ್ಟಿದರು, ಹಾಡು ಕಲಿಸಿದರು, ಹಬ್ಬದ ಲೆಕ್ಕ ಬರೆದರು, ಬಹುಶಃ ಲೆಕ್ಕದ ಬಗ್ಗೆ ಜಗಳವನ್ನೂ ಆಡಿದರು.

ಶುಕ್ರವಾರ ಶಿಲುಬೆ ಹಾದಿ ಮುಗಿದ ಮೇಲೆ ನಮ್ಮ ಚರ್ಚಿನ ಸಭಾಂಗಣದಲ್ಲಿ ಸೂಪು, ಬ್ರೆಡ್ಡು. ಕುರ್ಚಿ ಹಾಕುವುದು ಯಾರು, ಪಾತ್ರೆ ತೊಳೆಯುವುದು ಯಾರು ಅಂತ ಪ್ರತಿ ಸಲ ಗೊಣಗಾಟ. ನಾನೂ ಗೊಣಗುವವಳೇ. ಆದರೆ ಕರಾಕೋಶ್‌ನ ವಾರ ಪಾತ್ರೆ ತೊಳೆಯುತ್ತಾ ಅನ್ನಿಸಿತು, ಡೇರೆಯಲ್ಲಿದ್ದಾಗ ಅವರು ಕಾದದ್ದು ಇಂಥದಕ್ಕೇ ಇರಬೇಕು. ತಮ್ಮದೇ ಸಭಾಂಗಣ, ತಮ್ಮದೇ ಕುರ್ಚಿ, ತಮ್ಮದೇ ಸಿಂಕು.

ಮುಂದಿನ ಶುಕ್ರವಾರಕ್ಕೆ ನೈಜೀರಿಯಾದ ಓವೊ ಬರೆದಿಟ್ಟಿದ್ದೇನೆ. 2022ರಲ್ಲಿ, ಪಾಸ್ಖ ಮುಗಿದು ಏಳು ವಾರಕ್ಕೆ ಬರುವ ಪೆಂತೆಕೋಸ್ತ್ ಹಬ್ಬದ ದಿನ ಅಲ್ಲಿನ ಸಂತ ಫ್ರಾನ್ಸಿಸ್ ಝೇವಿಯರ್ ಚರ್ಚಿನ ಮೇಲೆ ದಾಳಿಯಾಗಿತ್ತು. ಆಮೇಲೆ ಶ್ರೀಲಂಕಾದ ನೆಗೊಂಬೊ, 2019ರ ಪಾಸ್ಖ ಭಾನುವಾರ ಅಲ್ಲಿನ ಚರ್ಚಿನಲ್ಲಿ ಬಾಂಬು ಸಿಡಿದಿತ್ತು. ಶುಭ ಶುಕ್ರವಾರದ ಕಾಣಿಕೆ ಹೇಗೂ ಪವಿತ್ರ ನಾಡಿನ, ಅಂದರೆ ಯೇಸು ಬದುಕಿದ ನಾಡಿನ ಕ್ರೈಸ್ತರಿಗೆ ಹೋಗುತ್ತದೆ, ಹಾಗಾಗಿ ಆ ದಿನಕ್ಕೆ ಬೆತ್ಲೆಹೇಮ್. ಮಧ್ಯೆ ಒಂದು ವಾರ ಖಾಲಿ ಇದೆ. ನಿಮ್ಮ ಮನಸ್ಸಿನಲ್ಲಿ ಒಂದು ಊರಿದ್ದರೆ ಹೇಳಿ, ಸೇರಿಸಿಕೊಳ್ಳುತ್ತೇನೆ.