ಚಿಪ್ಪಿಂಗ್ ಕ್ಯಾಂಪ್ಡನ್ ಬೀದಿಚಿತ್ರ: ಮಾರ್ಕೆಟ್ ಹಾಲ್‌ವರೆಗೆ ಬಂದಿದ್ದೇನೆ

ಇಂಗ್ಲೆಂಡಿನ ಗ್ಲಾಸ್ಟರ್‌ಶೈರ್‌ನಲ್ಲಿರುವ ಚಿಪ್ಪಿಂಗ್ ಕ್ಯಾಂಪ್ಡನ್ ಎಂಬ ಸಣ್ಣ ಪೇಟೆಯ ಹೈ ಸ್ಟ್ರೀಟನ್ನು ಒಂದೇ ಉದ್ದನೆಯ ಕಾಗದದ ಸುರುಳಿಯ ಮೇಲೆ ಶಾಯಿಯಲ್ಲಿ ಬರೆಯುತ್ತಿದ್ದೇನೆ. ಮೇಲೆ ಮನೆಯ ಚಿತ್ರ, ಕೆಳಗೆ ಅದರ ಕಥೆ, ಕನ್ನಡದಲ್ಲಿ. ಚರ್ಚಿನ ಕಡೆಯಿಂದ ಶುರುಮಾಡಿದ ಕೆಲಸ ಈಗ ಬೀದಿಯ ನಡುಮಧ್ಯಕ್ಕೆ ಬಂದಿದೆ.

ಮನೆಗಳಿಗಿಂತ ಮೊದಲು ನಿವೇಶನಗಳ ಗೆರೆ ಎಳೆದುಕೊಂಡೆ. 12ನೇ ಶತಮಾನದ ಉತ್ತರಾರ್ಧದಲ್ಲಿ ಊರಿನ ಒಡೆಯ ಹ್ಯೂ ಡಿ ಗಾಂಡ್ವಿಲ್‌ಗೆ ಸಂತೆ ನಡೆಸುವ ಹಕ್ಕು ಸಿಕ್ಕಿತು. ಬೀದಿಗೆ ಮುಖಮಾಡಿದ ಕಿರಿದಾದ ನಿವೇಶನಗಳು, ಪ್ರತಿಯೊಂದಕ್ಕೂ ಉದ್ದನೆಯ ಹಿತ್ತಲು. ಸಂತೆಯ ಬೀದಿಗೆ ಮುಖವಿರುವ ಜಾಗಕ್ಕೆ ಬೆಲೆ ಹೆಚ್ಚು, ಹಾಗಾಗಿ ಎಲ್ಲರಿಗೂ ಒಂದಿಷ್ಟು ಮುಖ. ಮನೆಗಳು ಎಷ್ಟೋ ಸಲ ಬದಲಾದರೂ ಈ ಹಿತ್ತಲ ಗೆರೆಗಳು ಇವತ್ತಿಗೂ ನಕ್ಷೆಯಲ್ಲಿ ಕಾಣುತ್ತವೆ. ಊರಿನ ಅತಿ ಹಳೆಯ ದಾಖಲೆ ನನ್ನ ಪ್ರಕಾರ ಇದೇ.

ಉಣ್ಣೆ ವರ್ತಕ ವಿಲಿಯಂ ಗ್ರೆವೆಲ್‌ನ ಮನೆಯ ಚಿತ್ರ ಮುಗಿದಿದೆ. ಸುಮಾರು 1380ರ ಕಟ್ಟಡ. ಎರಡು ಅಂತಸ್ತು ಎತ್ತರಕ್ಕೆ ಹೊರಚಾಚಿದ ಅದರ ಕಿಟಕಿಗೇ ನನ್ನ ಸಮಯವೆಲ್ಲ ಹೋಯಿತು. ಕಾಟ್ಸ್‌ವೋಲ್ಡ್ ಗುಡ್ಡಗಳ ಕುರಿಯ ಉಣ್ಣೆ ಲಂಡನ್ ದಾಟಿ ಯೂರೋಪಿಗೆ ಹೋಗುತ್ತಿದ್ದ ಕಾಲ. ಗ್ರೆವೆಲ್ 1401ರಲ್ಲಿ ತೀರಿಕೊಂಡ. ಚರ್ಚಿನಲ್ಲಿರುವ ಅವನ ಹಿತ್ತಾಳೆ ಫಲಕ, ಇಡೀ ಇಂಗ್ಲೆಂಡಿನ ಉಣ್ಣೆ ವರ್ತಕರಲ್ಲೇ ಅವನು ಹೂವಿನಂಥವನು ಎಂದು ಲ್ಯಾಟಿನ್‌ನಲ್ಲಿ ಹೊಗಳುತ್ತದೆ. ಆಮೇಲೆ ಉಣ್ಣೆಯ ದುಡ್ಡು ಕರಗಿತು. ಕೆಡವಿ ಹೊಸದಾಗಿ ಕಟ್ಟುವಷ್ಟು ಹಣ ಊರಿಗೆ ಮತ್ತೆ ಬರಲಿಲ್ಲ. ಜೇನುಬಣ್ಣದ ಸುಣ್ಣಕಲ್ಲಿನ ಈ ಸಾಲು ನಮ್ಮ ಕಾಲದವರೆಗೆ ಉಳಿದಿದ್ದಕ್ಕೆ ಅದೂ ಒಂದು ಕಾರಣ ಅಂತ ನಾನು ನಂಬಿದ್ದೇನೆ.

ಈಗ ಕೈಯಲ್ಲಿರುವುದು ಮಾರ್ಕೆಟ್ ಹಾಲ್. ಲಂಡನ್ನಿನಲ್ಲಿ ರೇಷ್ಮೆ, ಮಖಮಲ್ಲು ಮಾರಿ, ರಾಜನಿಗೇ ಸಾಲ ಕೊಡುವಷ್ಟು ಬೆಳೆದಿದ್ದ ಬ್ಯಾಪ್ಟಿಸ್ಟ್ ಹಿಕ್ಸ್ ಇದನ್ನು 1627ರಲ್ಲಿ ಕಟ್ಟಿಸಿದ. ಬೆಣ್ಣೆ, ಚೀಸು, ಕೋಳಿ ಮಾರಲು ಬರುವವರು ಮಳೆಯಲ್ಲಿ ನೆನೆಯದಿರಲಿ ಎಂದು. ಖರ್ಚು 90 ಪೌಂಡ್. ಅವನೇ 1612ರಲ್ಲಿ ಆರು ಬಡ ಗಂಡಸರಿಗೆ, ಆರು ಬಡ ಹೆಂಗಸರಿಗೆ ಕಟ್ಟಿಸಿಕೊಟ್ಟ ಮನೆಗಳಿಗೆ 1,000 ಪೌಂಡ್ ಆಗಿತ್ತು. ತನಗಾಗಿ ಕಟ್ಟಿಸಿಕೊಂಡ ಬಂಗಲೆ ಮಾತ್ರ ಉಳಿಯಲಿಲ್ಲ: ರಾಜನಿಗೂ ಪಾರ್ಲಿಮೆಂಟಿಗೂ ನಡೆದ ಅಂತರ್ಯುದ್ಧದಲ್ಲಿ, 1645ರಲ್ಲಿ, ಊರು ಬಿಟ್ಟು ಹೊರಟ ರಾಜನ ಕಡೆಯ ಸೈನಿಕರೇ ಅದನ್ನು ಸುಟ್ಟರು. ಊರವರಿಗೆಂದು ಕಟ್ಟಿಸಿದ ಎರಡೂ ಗಟ್ಟಿಯಾಗಿ ನಿಂತಿವೆ.

ಹಾಲ್‌ನ ಕಮಾನುಗಳು ಸುಲಭವಾಗಿ ಬಂದವು. ಮಾಡು ಕಷ್ಟ. ಕಾಟ್ಸ್‌ವೋಲ್ಡ್‌ನ ಕಲ್ಲುಹಂಚುಗಳನ್ನು ಸೂರಿನ ಕಡೆ ದೊಡ್ಡವು, ಮೇಲೇರುತ್ತಾ ಚಿಕ್ಕವು ಎಂಬ ಕ್ರಮದಲ್ಲಿ ಹೊದಿಸುತ್ತಾರೆ. ಸಾಲಿನಿಂದ ಸಾಲಿಗೆ ಅಳತೆ ಇಳಿಯಬೇಕು, ಇಳಿದದ್ದು ಎದ್ದು ಕಾಣಬಾರದು. ಪೆನ್ಸಿಲ್‌ನಲ್ಲಿ ಪೂರ್ತಿ ಗುರುತು ಹಾಕಿಕೊಳ್ಳದೆ ಶಾಯಿ ಮುಟ್ಟುತ್ತಿಲ್ಲ. 1940ರ ದಶಕದಲ್ಲಿ ಈ ಕಟ್ಟಡ ಅಮೆರಿಕದವರೊಬ್ಬರ ಪಾಲಾಗುವುದರಲ್ಲಿತ್ತು. ಊರಿನವರೇ ದುಡ್ಡು ಕೂಡಿಸಿ ಕೊಂಡು, ಹಳೆಯ ಕಟ್ಟಡಗಳನ್ನು ಕಾಪಾಡುವ ನ್ಯಾಷನಲ್ ಟ್ರಸ್ಟ್ ಎಂಬ ಸಂಸ್ಥೆಗೆ ಒಪ್ಪಿಸಿದರು. ಆ ಮಾತನ್ನು ಚಿತ್ರದ ಕೆಳಗೆ ಸ್ವಲ್ಪ ದಪ್ಪ ಅಕ್ಷರದಲ್ಲಿ ಬರೆದಿದ್ದೇನೆ.

ಹಿಕ್ಸ್ ಮನೆತನದ ಆಸ್ತಿಯ ಪಾರುಪತ್ಯಗಾರ ವಿಲಿಯಂ ಹ್ಯಾರಿಸನ್ 1660ರ ಆಗಸ್ಟ್‌ನಲ್ಲಿ ಗೇಣಿ ವಸೂಲಿಗೆ ಹೋದವನು ಕಾಣೆಯಾದ. ಕೊಂದವರೆಂದು ಜೋನ್ ಪೆರಿ, ಅವಳ ಮಕ್ಕಳಾದ ರಿಚರ್ಡ್ ಮತ್ತು ಜಾನ್, ಮೂವರನ್ನೂ ಗಲ್ಲಿಗೇರಿಸಿದರು. 1662ರಲ್ಲಿ ಹ್ಯಾರಿಸನ್ ಜೀವಂತ ಮರಳಿದ, ತನ್ನನ್ನು ಅಪಹರಿಸಿ ಟರ್ಕಿಯಲ್ಲಿ ಮಾರಿದ್ದರೆಂದು ಹೇಳಿಕೊಂಡ. ಜನ ಇದನ್ನು ಕುತೂಹಲದ ಕಥೆಯಾಗಿ ಹೇಳುತ್ತಾರೆ. ನನಗೆ ಅದು ಮೂರು ಜನರ ಅನ್ಯಾಯದ ಸಾವು. ಸುರುಳಿಯಲ್ಲಿ ಅವರ ಹೆಸರು ಮೊದಲು ಬರುತ್ತದೆ, ಹ್ಯಾರಿಸನ್ನದು ಆಮೇಲೆ.

1853ರಲ್ಲಿ ರೈಲು ಬಂತು, 1966ರಲ್ಲಿ ನಿಲ್ದಾಣ ಮುಚ್ಚಿತು. ಅದಕ್ಕೆ ಒಂದು ಸಣ್ಣ ಟಿಪ್ಪಣಿ ಸಾಕು.

ಮುಂದಿನದು ಶೀಪ್ ಸ್ಟ್ರೀಟ್‌ನ ಹಳೆಯ ರೇಷ್ಮೆ ಗಿರಣಿ. 1902ರಲ್ಲಿ ವಾಸ್ತುಶಿಲ್ಪಿ ಸಿ. ಆರ್. ಆಶ್ಬೀ ತನ್ನ ಗಿಲ್ಡ್ ಆಫ್ ಹ್ಯಾಂಡಿಕ್ರಾಫ್ಟ್ ಎಂಬ ಕೈಕೆಲಸಗಾರರ ಸಂಘವನ್ನು ಪೂರ್ವ ಲಂಡನ್ನಿನಿಂದ ಇಲ್ಲಿಗೆ ತಂದ. ಬೆಳ್ಳಿ ಕೆಲಸದವರು, ಬಡಗಿಗಳು, ಕಮ್ಮಾರರು, ಅವರ ಹೆಂಡತಿ ಮಕ್ಕಳು ಸೇರಿ ಸುಮಾರು 150 ಜನ ಊರಿಗೆ ಬಂದಿಳಿದರು. ಯಂತ್ರದ ಅಗ್ಗದ ಮಾಲಿನೆದುರು ಕೈಕೆಲಸ ತಾಳಲಿಲ್ಲ. ಕೊಳ್ಳುವವರು ಲಂಡನ್ನಿನಲ್ಲಿದ್ದರು, ಇಲ್ಲಿ ಕೆಲಸ ನಿಂತರೆ ಬೇರೆ ಕೆಲಸವೂ ಇರಲಿಲ್ಲ. 1908ರ ಹೊತ್ತಿಗೆ ಗಿಲ್ಡ್ ಮುಚ್ಚಿತು. ಆದರೂ ಕೆಲವರು ಊರು ಬಿಡಲಿಲ್ಲ. ಅವರಲ್ಲೊಬ್ಬರಾದ ಜಾರ್ಜ್ ಹಾರ್ಟ್‌ರ ಮನೆತನ ಆ ಗಿರಣಿಯಲ್ಲೇ ಬೆಳ್ಳಿ ಕೆಲಸ ಮುಂದುವರಿಸಿಕೊಂಡು ಬಂದಿದೆ.

ಪಕ್ಕದ ಬ್ರಾಡ್ ಕ್ಯಾಂಪ್ಡನ್‌ಗೆ ಪ್ರತ್ಯೇಕ ಹಾಳೆ ಬೇಕು. ನಮ್ಮ ಕಲಾವಿಮರ್ಶೆಯಲ್ಲಿ ಮತ್ತೆ ಮತ್ತೆ ಬರುವ ಆನಂದ ಕುಮಾರಸ್ವಾಮಿ ಅಲ್ಲಿನ ನಾರ್ಮನ್ ಚಾಪೆಲ್‌ನಲ್ಲಿ ವಾಸವಾಗಿದ್ದರು. ಆಶ್ಬೀಯೇ ದುರಸ್ತಿ ಮಾಡಿಸಿಕೊಟ್ಟ ಮನೆ ಅದು. ಆಶ್ಬೀಯ ಎಸೆಕ್ಸ್ ಹೌಸ್ ಮುದ್ರಣಾಲಯವನ್ನು ಕೈಗೆ ತೆಗೆದುಕೊಂಡು, ಸಿಂಹಳದ ಮಧ್ಯಯುಗೀನ ಕಲೆಯ ಬಗೆಗಿನ ತಮ್ಮ ದೊಡ್ಡ ಗ್ರಂಥದ 425 ಪ್ರತಿಗಳನ್ನು 1908ರಲ್ಲಿ ಅಲ್ಲೇ ಅಚ್ಚು ಹಾಕಿಸಿದರು. ಕಲ್ಲುಹಂಚಿನ ಮಾಡು ಮುಗಿದ ಕೂಡಲೇ ಆ ಮನೆಯ ಅಳತೆಗೆ ಕೈ ಹಾಕುತ್ತೇನೆ. ಅದರ ಹಳೆಯ ಛಾಯಾಚಿತ್ರಗಳು ಯಾರ ಬಳಿಯಾದರೂ ಇದ್ದರೆ ತಿಳಿಸಿ, ಹಿಂಬದಿಯ ನೋಟ ನನಗೆ ಇನ್ನೂ ಸಿಕ್ಕಿಲ್ಲ.