ಗಾರ್ಡಾ ಸರೋವರದಲ್ಲಿ ಮಗುಚಿದ ಲೆಕ್ಕ

ಮೊದಲ ದಿನ ಹನ್ನೊಂದು ಸಲ ಮಗುಚಿದೆವು. ಲೆಕ್ಕ ಇಟ್ಟವನು ನಾನಲ್ಲ, ನನ್ನ ಧಾರವಾಡದ ಗೆಳೆಯ. ಮ್ಯೂನಿಕ್‌ನಲ್ಲಿ ನಾವಿಬ್ಬರೂ ಒಂದೇ ಕಚೇರಿ. ಅವನು ಎಲ್ಲದಕ್ಕೂ ಲೆಕ್ಕ ಇಡುವ ಪೈಕಿ. ದೋಣಿಯ ಹೊಟ್ಟೆ ಮೇಲಾಗಿ ತೇಲುತ್ತಿದ್ದಾಗ ಅವನು ಬಾಯೊಳಗಿನ ನೀರು ಉಗುಳಿ "ಏಳು" ಅಂದ. ಎದ್ದೇಳು ಅಂತಿದ್ದಾನೆ ಅಂದುಕೊಂಡು ನಾನು ಗಾಬರಿಯಲ್ಲಿ ದೋಣಿಯ ಮೇಲೆ ಹತ್ತಲು ಹೋದೆ. ಮತ್ತೆ ಜಾರಿ ಬಿದ್ದೆ. ಅವನು ಹೇಳಿದ್ದು ಏಳನೇ ಸಲ ಅಂತ.

ನಾವು ಹಾಯಿದೋಣಿಗೆ ಹೊಸಬರೇನಲ್ಲ. ಮ್ಯೂನಿಕ್ ಪಕ್ಕದ ಸ್ಟಾರ್ನ್‌ಬೆರ್ಗ್ ಸರೋವರದಲ್ಲಿ ಎರಡು ಬೇಸಿಗೆ ಕಲಿತಿದ್ದೆವು. ಅಲ್ಲಿಯ ದೋಣಿಗಳು ಎಮ್ಮೆಯಂಥವು. ತಪ್ಪು ಮಾಡಿದರೆ ತಲೆ ಅಲ್ಲಾಡಿಸಿ ಸುಮ್ಮನಾಗುತ್ತಿದ್ದವು. ಅದರಿಂದಲೇ ನಮಗೆ ಸೊಕ್ಕು ಬಂದದ್ದು. ಜೂನ್‌ನಲ್ಲಿ ನಾಲ್ಕು ದಿನ ರಜೆ ಸಿಕ್ಕಾಗ ಇಟಲಿಯ ಗಾರ್ಡಾಕ್ಕೆ ಹೋಗಿ ಟ್ವೆಂಟಿ-ನೈನರ್ ಓಡಿಸೋಣ ಅಂತ ಹೊರಟೆವು.

ಟ್ವೆಂಟಿ-ನೈನರ್ ಅನ್ನುವುದು ಇಬ್ಬರು ಓಡಿಸುವ ಪಂದ್ಯದ ಹಾಯಿದೋಣಿ, ಫಾರ್ಟಿ-ನೈನರ್ ಅನ್ನುವ ದೊಡ್ಡ ದೋಣಿಯ ತಮ್ಮ. ಎರಡನ್ನೂ ರೂಪಿಸಿದ್ದು ಆಸ್ಟ್ರೇಲಿಯಾದ ಜೂಲಿಯನ್ ಬೆತ್‌ವೇಟ್. ಅಣ್ಣ 2000ದ ಸಿಡ್ನಿಯಿಂದ ಒಲಿಂಪಿಕ್ಸ್‌ನಲ್ಲಿದ್ದಾನೆ. ಟೋಕಿಯೋದಲ್ಲಿ ಅದೇ ದೋಣಿಯಲ್ಲಿ ನಮ್ಮ ದೇಶದ ಪರ ಇಳಿದವರು ಕೆ.ಸಿ. ಗಣಪತಿ ಮತ್ತು ವರುಣ್ ಠಕ್ಕರ್. ಗಣಪತಿ ಕೊಡವ ಮನೆತನದವರು. "ಕೊಡಗಿನಾಗ ಸಮುದ್ರ ಐತೇನು? ಧಾರವಾಡದಾಗೂ ಇಲ್ಲ. ಹಂಗಾರ ನಾನೂ ಮಾಡಬಹುದು" ಅನ್ನುವುದು ಗೆಳೆಯನ ತರ್ಕ. ಗಣಪತಿ ಬೆಳೆದದ್ದು ಚೆನ್ನೈನಲ್ಲಿ ಅಂತ ನಾನು ಹೇಳಲು ಹೋಗಲಿಲ್ಲ.

ಮ್ಯೂನಿಕ್‌ನಿಂದ ರೊವೆರೆತೊಗೆ ನೇರ ರೈಲು. ಅಲ್ಲಿಂದ ಬಸ್ಸು. ನಾಗೊ ಅನ್ನುವ ಊರು ದಾಟಿ ಇಳಿಜಾರಿನ ತಿರುವಿಗೆ ಬಂದರೆ ಸರೋವರ ಒಮ್ಮೆಲೇ ಕಾಲಬುಡಕ್ಕೆ ಬರುತ್ತದೆ. ಎರಡೂ ಕಡೆ ಗೋಡೆಯಂಥ ಬೆಟ್ಟ, ನಡುವೆ ಉದ್ದಕ್ಕೆ ನೀಲಿ ನೀರು. ಬಸ್ಸಿನಲ್ಲಿ ಮಾತು ನಿಂತಿತು. ಜರ್ಮನ್ ಕವಿ ಗಯಟೆ 1786ರಲ್ಲಿ ಇದೇ ದಾರಿಯಲ್ಲಿ ಇಳಿದು ಬಂದವನು. ಸರೋವರದ ಉತ್ತರ ತುದಿಯ ತೊರ್ಬೊಲೆ ಊರಿಂದ ದೋಣಿ ಹತ್ತಿದ. ಗಾಳಿ ತಿರುಗಿಬಿತ್ತು. ಮಾಲ್ಚೆಸಿನೆಯಲ್ಲಿ ಇಳಿಯಬೇಕಾಯಿತು. ಅಲ್ಲಿ ಕೋಟೆಯ ಚಿತ್ರ ಬರೆಯುತ್ತ ಕೂತವನನ್ನು ಗೂಢಚಾರ ಅಂತ ಜನ ಅನುಮಾನಿಸಿದರು. ಗಾರ್ಡಾದ ಗಾಳಿ ದೊಡ್ಡವರು ಚಿಕ್ಕವರು ಅಂತ ನೋಡುವುದಿಲ್ಲ.

ಆ ಗಾಳಿಯದು ಗಡಿಯಾರದ ಕೆಲಸ. ಬೆಳಗಿನ ಜಾವ ಉತ್ತರದಿಂದ ಬೀಸುವುದು ಪೆಲೇರ್. ಮಧ್ಯಾಹ್ನದ ಹೊತ್ತಿಗೆ ಬಿಸಿಲಿಗೆ ಕಾದ ನೆಲ ಗಾಳಿಯನ್ನು ಎಳೆಯುತ್ತದೆ. ಆಗ ದಕ್ಷಿಣದಿಂದ ಓರಾ ಏಳುತ್ತದೆ. ಬೆಟ್ಟಗಳ ನಡುವೆ ಸಂದು ಕಿರಿದಾಗುವುದರಿಂದ ತೊರ್ಬೊಲೆ ಮುಟ್ಟುವಷ್ಟರಲ್ಲಿ ಅದಕ್ಕೆ ಕೊಬ್ಬು ಬಂದಿರುತ್ತದೆ. ಈ ತುದಿಯಲ್ಲಿ ಮೋಜಿನ ಮೋಟಾರು ದೋಣಿಗಳಿಗೆ ಅವಕಾಶವಿಲ್ಲ. ಇಡೀ ನೀರೇ ಹಾಯಿಯವರದು. ಪಕ್ಕದ ರೀವಾ ಊರನ್ನು ಎಲ್ಲರೂ ಹೊಗಳುತ್ತಾರೆ. ನನಗೆ ಅಲ್ಲಿ ಕಂಡದ್ದು ಐಸ್‌ಕ್ರೀಮ್ ಅಂಗಡಿಯ ಸಾಲು, ಸೆಲ್ಫಿ ಕೋಲು. ತೊರ್ಬೊಲೆಯೇ ಸರಿ. ಬೀದಿಯಲ್ಲಿ ಒದ್ದೆ ಬಟ್ಟೆಯಲ್ಲೇ ತಿರುಗಬಹುದು.

ಈಗ ದೋಣಿಯ ವಿಷಯ. ಉದ್ದ ಸುಮಾರು 4.4 ಮೀಟರ್. ಅಗಲ ಎರಡು ಮೀಟರ್ ಕೂಡ ಇಲ್ಲ. ಖಾಲಿ ಒಡಲು 74 ಕಿಲೋ, ನಾನು ಅದಕ್ಕಿಂತ ಸ್ವಲ್ಪವೇ ಕಡಿಮೆ. ಗಾಳಿಯ ಜೊತೆ ಓಡುವಾಗ ಮುಂದೆ ಬಿಚ್ಚುವ ಜೆನಕರ್ ಅನ್ನುವ ಹಾಯಿ ಒಂದೇ 15 ಚದರ ಮೀಟರ್. ನಾನು ಚುಕ್ಕಾಣಿಗೆ. ಗೆಳೆಯ ಟ್ರಪೀಜ್‌ಗೆ. ಅಂದರೆ ಹಾಯಿಕಂಬದಿಂದ ಇಳಿದ ತಂತಿಗೆ ಸೊಂಟ ಸಿಕ್ಕಿಸಿ, ದೋಣಿಯ ಅಂಚಿಗೆ ಕಾಲು ಕೊಟ್ಟು, ನೀರಿನ ಮೇಲೆ ಮೈ ಚಾಚಿ ನಿಲ್ಲುವುದು. ಗಾಳಿಗೆ ಎದುರು ಹೋಗುವಾಗ ದೊಡ್ಡ ಹಾಯಿಯ ಹಗ್ಗವೂ ಅವನ ಕೈಯಲ್ಲೇ.

ಇದು ನಿಲ್ಲುವ ದೋಣಿಯಲ್ಲ. ಸೈಕಲ್ ಹಾಗೆ, ಓಡಿದರಷ್ಟೇ ನೆಟ್ಟಗೆ. ಕಟ್ಟೆಯಿಂದ ಹೊರಟ ಮೂರನೇ ನಿಮಿಷಕ್ಕೆ ಮೊದಲ ಸಲ ಬಿದ್ದೆವು, ಅದೂ ಗಾಳಿ ಕಡಿಮೆಯಾದದ್ದಕ್ಕೆ. ತಂತಿಯಲ್ಲಿ ನೇತಾಡುತ್ತಿದ್ದ ಗೆಳೆಯನ ಭಾರಕ್ಕೆ ದೋಣಿ ಅವನ ಮೇಲೇ ಬಂತು. ಆಮೇಲಿನದೆಲ್ಲ ಬಹುತೇಕ ಒಂದೇ ಜಾಗದಲ್ಲಿ. ಗಾಳಿಗೆ ಎದುರಾಗಿ ಹೋಗುತ್ತಿರುವ ದೋಣಿಯನ್ನು ಗಾಳಿಯ ಜೊತೆ ಓಡುವ ಕಡೆಗೆ ತಿರುಗಿಸಬೇಕಲ್ಲ, ಆ ತಿರುವಿನಲ್ಲಿ. ಅರ್ಧ ತಿರುಗುವಷ್ಟರಲ್ಲಿ ವೇಗ ಧಿಡೀರ್ ಏರುತ್ತದೆ, ಮೂತಿ ನೀರಿಗೆ ತಿವಿಯುತ್ತದೆ. ನಾನು ಹೆದರಿ ಚುಕ್ಕಾಣಿ ಅಲ್ಲಿಗೇ ನಿಲ್ಲಿಸುತ್ತಿದ್ದೆ. ಧಡಾರ್.

ಎತ್ತುವುದೇ ಇನ್ನೊಂದು ಕಥೆ. ದೋಣಿ ಪಕ್ಕಕ್ಕೆ ಮಲಗಿ ಸುಮ್ಮನಿರುವುದಿಲ್ಲ, ಕಂಬವನ್ನು ನೀರಿನಡಿಗೆ ಚುಚ್ಚಿಕೊಂಡು ಪೂರ್ತಿ ಬೋರಲಾಗುತ್ತದೆ. ಕಂಬದ ತುದಿಗೆ ಗಾಳಿ ತುಂಬಿದ ಬುರುಡೆ ಕಟ್ಟಿಸಿಕೊಳ್ಳಿ ಅಂದರು. ನಾಚಿಕೆಯಾಗಿ ಬೇಡ ಅಂದೆವು. ನೀವು ಹೋದರೆ ಮೊದಲ ದಿನವೇ ಕಟ್ಟಿಸಿಕೊಳ್ಳಿ, ನಾಚಿಕೆ ಅಗ್ಗ. ಇನ್ನೊಂದು, ಚಷ್ಮಾಕ್ಕೆ ದಾರ. ನನ್ನದು ಐದನೇ ಸಲಕ್ಕೆ ಹೋಯಿತು. ಗಾರ್ಡಾದ ಆಳ ಕೆಲವು ಕಡೆ 346 ಮೀಟರ್ ಅಂತೆ. ಎರಡು ದಿನ ಬೆಟ್ಟ, ನೀರು, ಗೆಳೆಯ ಎಲ್ಲ ಒಂದೇ ಮಬ್ಬಾಗಿ ಕಂಡವು.

ಸಂಜೆ ದಡದಲ್ಲಿ ಕಲಿಸುವ ಹೆಂಗಸು ಬಂದು ಪಕ್ಕದಲ್ಲಿ ಕೂತಳು. ಐವತ್ತು ದಾಟಿರಬೇಕು. ಬಿಸಿಲಿಗೆ ಸುಟ್ಟ ಮುಖ, ಮಾತು ಕಡಿಮೆ. ನನ್ನನ್ನು ನಿಲ್ಲಿಸಿ ಕೈಗೆ ಒಂದು ಹಗ್ಗ ಕೊಟ್ಟಳು. ಅದರ ಇನ್ನೊಂದು ತುದಿ ಕಂಬಕ್ಕೆ ಕಟ್ಟಿತ್ತು. ಏನೋ ಹೇಳುತ್ತಾಳೆ ಅಂತ ಕಾಯುತ್ತಿದ್ದೆ. ಇದ್ದಕ್ಕಿದ್ದಂತೆ ಭುಜಕ್ಕೆ ಒಂದು ತಳ್ಳು ಕೊಟ್ಟಳು.

"ಈಗ ಏನು ಮಾಡಿದೆ?"

"ಬೀಳ್ತಾ ಇದ್ದೆ."

"ಅದಲ್ಲ. ಕೈ ಏನು ಮಾಡಿತು?"

ನೋಡಿದೆ. ಹಗ್ಗವನ್ನು ಎದೆಗೆ ಎಳೆದುಕೊಂಡು ಮುಷ್ಟಿ ಬಿಗಿದಿತ್ತು.

"ಹೆದರಿದರೆ ಎಲ್ಲರೂ ಹಿಡ್ಕೊಳ್ತಾರಲ್ವಾ?" ಅಂದೆ.

ಅವಳು ನೀರಿನ ಕಡೆ ತೋರಿಸಿದಳು. ಹದಿನಾಲ್ಕು ವರ್ಷ ಇದ್ದಿರಬಹುದಾದ ಇಬ್ಬರು ಹುಡುಗಿಯರು ಅದೇ ಥರದ ದೋಣಿಯಲ್ಲಿ ನಗುತ್ತಾ ಹಾರಿಹೋದರು. "ಅವರಿಗೂ ಹೆದರಿಕೆ ಇದೆ. ಎದುರು ಹೋಗುವಾಗ ಹೆದರಿದರೆ ಹಗ್ಗ ಬಿಡ್ತಾರೆ. ಜೆನಕರ್ ಇದ್ದಾಗ ಹೆದರಿದರೆ ಗಾಳಿ ಹೋಗುವ ಕಡೆಗೇ ಮೂತಿ ತಿರುಗಿಸ್ತಾರೆ. ನೀನು ಎರಡರಲ್ಲೂ ನಿಲ್ಲಿಸೋಕೆ ನೋಡ್ತೀಯ."

"ನಿಲ್ಲಿಸಿದರೆ ಗಾಳಿಯ ಹೊಡೆತ ಕಡಿಮೆ ಆಗಲ್ವಾ?"

"ಜಾಸ್ತಿ ಆಗುತ್ತೆ. ಗಾಳಿಯ ಜೊತೆ ಓಡ್ತಿದ್ದರೆ ಅದು ನಿನ್ನನ್ನು ಅರ್ಧ ಮಾತ್ರ ಹೊಡೆಯುತ್ತೆ. ನಿಂತರೆ ಪೂರ್ತಿ."

ಗೆಳೆಯ ಕನ್ನಡದಲ್ಲಿ ಗೊಣಗಿದ, "ಓಡೂ ಬಸ್ಸಿಂದ ಇಳಿದಂಗ. ಬಸ್ಸು ಹೋಗೂ ಕಡೀಗೇ ನಾಕ್ ಹೆಜ್ಜಿ ಓಡಬೇಕು, ಇಲ್ಲಾಂದ್ರ ಮಾರಿ ಒಡಕೋತೀವಿ." ನನಗೆ ಅದು ಅವಳ ಇಂಗ್ಲಿಷಿಗಿಂತ ಬೇಗ ಅರ್ಥವಾಯಿತು.

"ನಡುವೆ ಒಂದು ಜಾಗ ಇದೆಯಲ್ಲ," ಅಂದೆ, "ಹಗ್ಗ ಬಿಟ್ಟರೂ ಸಾಲದು, ತಿರುಗಿಸಿದರೂ ಬೀಳುತ್ತೆ. ಅಲ್ಲಿ ಏನು ಮಾಡೋದು?"

"ಅಲ್ಲಿ ಇರಬೇಡ."

"ಅದನ್ನು ದಾಟದೆ ಆಚೆ ಹೋಗೋದು ಹೇಗೆ?"

"ಬೇಗ," ಅಂದು ಎದ್ದು ಹೋದಳು.

ಆ ರಾತ್ರಿ ಊಟಕ್ಕೆ ಸ್ತ್ರಾಂಗೊಲಾಪ್ರೇತಿ ತಿಂದೆವು, ಸೊಪ್ಪು ಮತ್ತು ಹಳೇ ಬ್ರೆಡ್ಡಿನ ಉಂಡೆ. ಹೆಸರಿನ ಅರ್ಥ ಪಾದ್ರಿಯ ಕತ್ತು ಹಿಸುಕುವುದು ಅಂತ. ತುಂಬ ರುಚಿ. ಪೊಲೆಂಟಾ ಮಾತ್ರ ನನಗೆ ಸೇರಲಿಲ್ಲ. ಮೆಕ್ಕೆಜೋಳದ ಮುದ್ದೆ ಮಾಡಿ ಸಾರು ಮರೆತರೆ ಹೇಗೋ ಹಾಗೆ. ಮಲಗಿದ ಮೇಲೂ ಮಂಚ ಓಲಾಡುತ್ತಿತ್ತು.

ಎರಡನೇ ದಿನದ ಬಗ್ಗೆ ಹೇಳುವುದು ಹೆಚ್ಚಿಲ್ಲ. ಆರು ಸಲ. ಜೆನಕರ್‌ನಲ್ಲಿ ಬೆರಳುದ್ದದ ಹರಕು ಬಿತ್ತು. ಅದು ನಮ್ಮದೋ, ಮೊದಲೇ ಇತ್ತೋ? ಬಾಡಿಗೆ ಕೊಟ್ಟವರು ಕೇಳಲಿಲ್ಲ, ಮುಂಗಡದ ದುಡ್ಡಿನಲ್ಲಿ ಮುರಿದುಕೊಂಡರು. ದೋಣಿ ತೆಗೆದುಕೊಳ್ಳುವ ಮೊದಲು ಹಾಯಿ ಬಿಡಿಸಿ ಫೋಟೋ ತೆಗೆಯಿರಿ. ಇದನ್ನು ಬರೆಯುವಾಗಲೂ ಹೊಟ್ಟೆ ಉರಿಯುತ್ತಿದೆ.

ಮೂರನೇ ದಿನ ಓರಾ ಒಂದು ಗಂಟೆಗೆ ಬಂತು. ದೂರದಲ್ಲಿ ಮೊದಲು ನೀರು ಕಪ್ಪಾಯಿತು, ಆಮೇಲೆ ಬಿಳಿ ನೊರೆ. ಅಡ್ಡಾದಿಡ್ಡಿ ಎದುರು ಏರಿ ದಕ್ಷಿಣಕ್ಕೆ ಹೋದೆವು. ಪೊನಾಲೆಯ ಬಂಡೆಗೋಡೆ ಹಿಂದೆ ಬಿತ್ತು. ತಿರುಗಿಸುವ ಹೊತ್ತು. ನಾನು ಕೂಗಿದೆ. ಗೆಳೆಯ ಹಿಂದಕ್ಕೆ ಸರಿದು ನನ್ನ ಬೆನ್ನಿಗೇ ಬಂದು ನಿಂತ, ಹಗ್ಗ ಬಿಡುತ್ತಾ ಹೋದ. ಮೂತಿ ನೀರು ಮುಟ್ಟಿತು. ಕೈ ಮತ್ತೆ ಹಿಡಿದುಕೊಳ್ಳಲು ಹೋಯಿತು. ಬೇಗ, ಬೇಗ ಅಂದುಕೊಂಡೆ. ಚುಕ್ಕಾಣಿ ನಿಲ್ಲಿಸಲಿಲ್ಲ.

ಮೂತಿ ಮೇಲೆ ಬಂತು.

ದೋಣಿ ತನ್ನ ಪಾಡಿಗೆ ಓಡತೊಡಗಿತು. ಅವನು ಒಳಗೆ ಬಂದು ಜೆನಕರ್ ಎಳೆದ. ಪಟ್ ಅಂತ ತುಂಬಿಕೊಂಡಿತು. ಮತ್ತೆ ತಂತಿಗೆ ಸಿಕ್ಕಿಸಿಕೊಂಡು ಹೊರಗೆ ಹೋದ. ವಿಚಿತ್ರ ಏನು ಗೊತ್ತಾ? ಗದ್ದಲ ಇಲ್ಲ. ಅಷ್ಟು ವೇಗದಲ್ಲಿ ಅಲೆಗಳು ಅಡಿಯಲ್ಲಿ ತಟತಟ ಅನ್ನುತ್ತಿದ್ದವು ಅಷ್ಟೇ. ಗಾಳಿ ಹಿಂದಿನಿಂದ ಬರುತ್ತಿದೆ ಅಂತ ಗೊತ್ತು, ಮುಖಕ್ಕೆ ಬಡಿಯುತ್ತಿದ್ದುದು ಮುಂದಿನಿಂದ. ಬಿರುಸಿನ ಗಾಳಿ ಬಂದಾಗೆಲ್ಲ ಮೂತಿಯನ್ನು ಅದು ಹೋಗುವ ಕಡೆಗೆ ಕೊಡುತ್ತಿದ್ದೆ, ದೋಣಿ ಹಾಯಿಯ ಕೆಳಗೇ ಬಂದು ಕೂರುತ್ತಿತ್ತು. ಚಷ್ಮಾ ಇಲ್ಲದ ಕಣ್ಣಿಗೆ ಊರು ಒಂದು ಹಳದಿ ಕಲೆಯಾಗಿ ಕಾಣುತ್ತಿತ್ತು. ಕಲೆ ದೊಡ್ಡದಾಯಿತು. ಅದಕ್ಕೆ ಕಿಟಕಿಗಳು ಮೂಡಿದವು. ಕಿಟಕಿಯಲ್ಲಿ ಹೂಕುಂಡ.

"ಲೇ," ಅಂದ ಗೆಳೆಯ ತಂತಿಯ ಮೇಲಿಂದ. "ಇನ್ನ ಈ ಹಾಯಿ ಆ ಕಡಿ ಹೊಳ್ಳಸೂದು ಹ್ಯಾಂಗ?"

ನನಗೂ ಗೊತ್ತಿರಲಿಲ್ಲ. ಮೂರು ದಿನದಲ್ಲಿ ಅಷ್ಟು ದೂರ ನೆಟ್ಟಗೆ ಬಂದೇ ಇರಲಿಲ್ಲವಲ್ಲ, ಆ ಪಾಠ ಯಾರಿಗೆ ಬೇಕಿತ್ತು? ಮುಂದೆ ಕಲ್ಲುಕಟ್ಟೆ. ಕಟ್ಟೆಯ ಮೇಲೆ ಐಸ್‌ಕ್ರೀಮ್ ಹಿಡಿದ ಮಗು ನಮ್ಮನ್ನೇ ನೋಡುತ್ತಿತ್ತು. ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಚುಕ್ಕಾಣಿ ಪೂರ್ತಿ ದೂಡಿಬಿಟ್ಟೆ.

ಬೇಕೆಂದೇ ಮಗುಚಿದ್ದು ಅದೊಂದೇ. ಅದನ್ನು ಲೆಕ್ಕಕ್ಕೆ ಸೇರಿಸಬೇಕೋ ಬೇಡವೋ ಅಂತ ಮ್ಯೂನಿಕ್ ಬರುವವರೆಗೂ ರೈಲಿನಲ್ಲಿ ಜಗಳ.